ಕಾಗೆಗಿಟ್ಟ ಮೊದಲ ಸೌಟು

ಬ್ರೀಡಾ ಅವರ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಆ ಕಂಬ ಇನ್ನೂ ಅಲ್ಲೇ ಇತ್ತು. ಆಳೆತ್ತರದ ಕಬ್ಬಿಣದ ಕಂಬ, ತುದಿಯಲ್ಲಿ ಕೊಡೆಯ ಕಡ್ಡಿಗಳ ಹಾಗೆ ನಾಲ್ಕು ದಿಕ್ಕಿಗೆ ಬಾಗಿದ ನಾಲ್ಕು ಕೊಕ್ಕೆ. ಕೊಕ್ಕೆಗಳಲ್ಲಿ ಏನೂ ತೂಗುತ್ತಿರಲಿಲ್ಲ. ಹೋದ ವರ್ಷ ಎರಡನೆಯ ಸಲ ಐರ್ಲೆಂಡಿಗೆ ಹೋದಾಗ ತಂಗಿ ರೇಣು ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋಗಿದ್ದಳು. ಮುದುಕಿ ಟೀಗೆ ನೀರಿಟ್ಟು ನನ್ನ ಬೆನ್ನ ಹಿಂದೆ ಏನೋ ಹೇಳುತ್ತಿದ್ದರು, ರೇಣು ನಗುತ್ತಿದ್ದಳು. ನಾನು ತಿರುಗದೆ ಆ ಖಾಲಿ ಕೊಕ್ಕೆಗಳನ್ನೇ ನೋಡುತ್ತ ನಿಂತೆ. ಅವು ಖಾಲಿಯಾದದ್ದು ನನ್ನಿಂದ. ಆಮೇಲೆ ಬಾಯಿ ಮುಚ್ಚಿಕೊಂಡು ಇದ್ದವನೂ ನಾನೇ.

ನಾನು ಓದಿದ್ದು ಏಳನೇ ತರಗತಿ. ತುಮಕೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಊಟದ ಹೋಟೆಲಿನಲ್ಲಿ ಮೂವತ್ತು ವರ್ಷ ಅನ್ನ ಬೇಯಿಸಿದ್ದೇನೆ. ರೇಣು ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಡಾಕ್ಟರ್ ಓದಿ ಐರ್ಲೆಂಡಿನ ನೇಸ್ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. 'ಅಣ್ಣ ನನಗೋಸ್ಕರ ಸ್ಕೂಲ್ ಬಿಟ್ಟ' ಎಂದು ಅವಳು ಕಂಡವರಿಗೆಲ್ಲ ಹೇಳುತ್ತಾಳೆ. ನಾನು ಸ್ಕೂಲು ಬಿಟ್ಟಾಗ ಅವಳಿಗೆ ಎರಡು ವರ್ಷ. ಲೆಕ್ಕದ ಮೇಷ್ಟ್ರ ಏಟಿಗೆ ಹೆದರಿ ಓಡಿಹೋಗಿ ಹೋಟೆಲು ಸೇರಿಕೊಂಡವನು ನಾನು. ಅಪ್ಪ ತೀರಿಕೊಂಡ ಮೇಲೆ ಅವಳ ಓದಿಗೆ ಕೈಲಾದಷ್ಟು ಮಾಡಿದ್ದು ಹೌದು. ಆದರೆ ತ್ಯಾಗದ ಕಥೆಯನ್ನು ಅವಳೇ ಕಟ್ಟಿಕೊಂಡಳು. ನಾನು ತಿದ್ದಲಿಲ್ಲ, ಕೇಳಲು ಹಿತವಾಗಿತ್ತು. ಇದನ್ನು ಮೊದಲೇ ಹೇಳುತ್ತಿರುವುದು ಏಕೆಂದರೆ, ಆ ವರ್ಷ ಅವಳು ನನ್ನ ಮಾತನ್ನು ನಂಬಿದ್ದು ಈ ಕಥೆಯ ಬಲದ ಮೇಲೆ.

ಕೊರೋನಾ ಬಂದ ವರ್ಷದ ಫೆಬ್ರವರಿಯಲ್ಲಿ ನಾನು ಮೊದಲ ಸಲ ನೇಸ್‌ಗೆ ಹೋದೆ. ರೇಣುವಿನ ಗಂಡ ಕಿರಣ ವೀಸಾ ಕಾಯುತ್ತ ಬೆಂಗಳೂರಿನಲ್ಲಿದ್ದ. 'ಒಬ್ಳೇ ಇರೋಕೆ ಆಗ್ತಿಲ್ಲ, ಮೂರು ತಿಂಗಳು ಬಂದಿರು ಅಣ್ಣ, ಅನ್ನ ಸಾರು ಮಾಡಿ ಹಾಕು ಸಾಕು' ಅಂದಳು. ಹೋಟೆಲಿನ ಯಜಮಾನರ ಕೈಕಾಲು ಹಿಡಿದು ರಜೆ ತೆಗೆದುಕೊಂಡೆ. ನನ್ನಲ್ಲಿದ್ದ ಇಂಗ್ಲಿಷ್ ನಾಲ್ಕು ಮಾತು: ಯೆಸ್, ನೋ, ಥ್ಯಾಂಕ್ಯೂ, ಸಾರಿ. ಇಷ್ಟರಲ್ಲೇ ಆ ದೇಶದಲ್ಲಿ ದಿನ ತಳ್ಳಬಹುದು ಎಂದು ಒಂದು ವಾರದಲ್ಲಿ ಗೊತ್ತಾಯಿತು.

ರೇಣುವಿನದು ಬಾಡಿಗೆ ಮನೆ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಹಿತ್ತಲುಗಳ ನಡುವೆ ಸೊಂಟದೆತ್ತರದ ಬೇಲಿಗಿಡ. ಪಕ್ಕದವರೇ ಬ್ರೀಡಾ. ಎಪ್ಪತ್ತು ದಾಟಿದ ವಿಧವೆ, ಒಬ್ಬ ಮಗ ದೂರದ ಊರಿನಲ್ಲಿ. ಅವರ ಹಿತ್ತಲಿನ ಕಂಬದಲ್ಲಿ ಆಗ ನಾಲ್ಕು ಪಂಜರಗಳು ತೂಗುತ್ತಿದ್ದವು: ಎರಡರಲ್ಲಿ ಕಡಲೆಕಾಯಿ ಬೀಜ, ಒಂದರಲ್ಲಿ ಸಣ್ಣ ಕಾಳು, ಒಂದರಲ್ಲಿ ಕೊಬ್ಬಿನ ಉಂಡೆ. ಬೆಳಗಾದರೆ ನೀಲಿ ತಲೆಯ ಹೆಬ್ಬೆಟ್ಟಿನಷ್ಟು ಹಕ್ಕಿಗಳು ತಲೆಕೆಳಗಾಗಿ ಜೋತುಬಿದ್ದು ಕಡಲೆ ಕುಕ್ಕುತ್ತಿದ್ದವು. ಎದೆಗೆ ಕುಂಕುಮ ಬಳಿದಂತಿದ್ದ ಒಂದು ಹಕ್ಕಿ ಮಾತ್ರ ಕಿಟಕಿಯ ಅಂಚಿಗೇ ಬಂದು ಕೂರುತ್ತಿತ್ತು. ಬ್ರೀಡಾ ಅದರ ಜೊತೆ ಜಗಳವಾಡುವ ದನಿಯಲ್ಲಿ ಮಾತಾಡುತ್ತಿದ್ದರು. 'ಏನಂತಾರೆ ಅದಕ್ಕೆ?' ಅಂದೆ. 'ನೀನು ಹೋದ ಜನ್ಮದಲ್ಲಿ ನನ್ನ ಗಂಡ ಇರ್ಬೇಕು, ಕೂತಲ್ಲಿಗೇ ಊಟ ಬರ್ಬೇಕು ನಿಂಗೆ, ಅಂತಾರೆ' ಎಂದು ರೇಣು ನಕ್ಕಳು.

ರೇಣುವಿಗೆ ಆ ಊರಿನಲ್ಲಿ ಇದ್ದ ಗೆಳತಿ ಎಂದರೆ ಈ ಮುದುಕಿ. ಡ್ಯೂಟಿ ಮುಗಿಸಿ ಬಂದವಳು ಒಂದು ಕಪ್ ಕಾಫಿ ಹಿಡಿದು ಬೇಲಿಯ ಹತ್ತಿರ ನಿಲ್ಲುವಳು; ಅತ್ತ ಬ್ರೀಡಾ ತಮ್ಮ ಟೀ ಹಿಡಿದು ನಿಲ್ಲುವರು. ಅರ್ಧ ಗಂಟೆ ಮಾತು, ನಗು. ಒಳಗೆ ಬರುವಾಗ ರೇಣುವಿನ ಬಿಗಿದ ಹೆಗಲು ಒಂದು ಗೇಣು ಕೆಳಗಿಳಿದಿರುತ್ತಿತ್ತು. ಅವಳು ಕಲಿಸಿದ್ದ ಒಂದೇ ಕನ್ನಡ ಮಾತನ್ನು ಬ್ರೀಡಾ ನನ್ನನ್ನು ಕಂಡಾಗಲೆಲ್ಲ ಕೂಗುತ್ತಿದ್ದರು: 'ಊಟ ಆಯ್ತಾ, ರಂಗಾ?' ಬೆಳಿಗ್ಗೆ ಏಳು ಗಂಟೆಗೂ ಅದೇ.

ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ. ಅನ್ನದ ಹಂಡೆ ಇಳಿಸಿದ ಮೇಲೆ ಮೊದಲ ಸೌಟು ಗಿರಾಕಿಗೆ ಹೋಗುವುದಿಲ್ಲ. ತಾರಸಿಯ ಪ್ಯಾರಪೆಟ್ ಮೇಲೆ ಕಾಗೆಗೆ ಇಟ್ಟು ಬಂದ ಮೇಲೇ ಎಲೆಗೆ ಬಡಿಸುವುದು. ಕಾಗೆ ಮುಟ್ಟಿದರೆ ಆ ದಿನ ಯಾರಿಗೂ ಹೊಟ್ಟೆ ಕೆಡುವುದಿಲ್ಲ ಎಂದು ನನಗೆ ಕೆಲಸ ಕಲಿಸಿದ ಭಟ್ಟರು ಹೇಳಿದ್ದರು. ಮೂವತ್ತು ವರ್ಷ ಇಟ್ಟಿದ್ದೇನೆ. ನೇಸ್‌ನಲ್ಲಿ ಕುಕ್ಕರಿನ ಅನ್ನಕ್ಕೂ ಅದನ್ನೇ ಮಾಡಿದೆ. ಹಿತ್ತಲ ಬಾಗಿಲ ಮುಂದೆ ಮರದ ಹಲಗೆ ಜೋಡಿಸಿದ ಜಗಲಿ ಇತ್ತು, ಅದರ ಮೆಟ್ಟಿಲ ಮೇಲೆ ಒಂದು ಸೌಟು. ಹತ್ತು ನಿಮಿಷದಲ್ಲಿ ಕಾಗೆ ಬಂತು. ನಮ್ಮೂರ ಕಾಗೆಯ ಹಾಗೆಯೇ ಬೂದಿ ಬಣ್ಣದ ಕತ್ತು, ಗಾತ್ರ ಮಾತ್ರ ಸ್ವಲ್ಪ ಸಣ್ಣದು. ಕಣ್ಣು ಬೆಳ್ಳಗೆ, ಗಾಜಿನ ಗುಂಡಿನಂತೆ. ಕಾ ಎನ್ನುವುದಿಲ್ಲ, ಚ್ಯಾಕ್ ಎನ್ನುತ್ತದೆ. ಜಾಕ್‌ಡಾ ಅಂತಾರೆ ಅಂದಳು ರೇಣು. ನನಗೆ ಅದು ಕಾಗೆಯೇ. ಪರದೇಶದಲ್ಲಿ ಮೊದಲ ಸಲ ಗುರುತಿನ ಮುಖ ಕಂಡ ಹಾಗಾಯಿತು.

ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ವಿಮಾನ ನಿಂತಿತು. ಮನೆಯಿಂದ ಎರಡು ಕಿಲೋಮೀಟರು ದಾಟುವಂತಿಲ್ಲ, ಎಪ್ಪತ್ತು ದಾಟಿದವರು ಹೊಸಿಲನ್ನೇ ದಾಟುವಂತಿಲ್ಲ ಅಂದರು. ಬ್ರೀಡಾ ಮನೆಗೆ ವಾರಕ್ಕೊಮ್ಮೆ ಯಾರೋ ಸಾಮಾನಿನ ಚೀಲ ಬಾಗಿಲಲ್ಲಿಟ್ಟು ಬೆಲ್ ಒತ್ತಿ ಓಡುತ್ತಿದ್ದರು. ಅದೇ ಸಮಯಕ್ಕೆ ಆ ದೇಶದಲ್ಲಿ ಎಂದೂ ಇಲ್ಲದಂಥ ಬಿಸಿಲು. ಮಳೆಯ ಸುಳಿವಿಲ್ಲ, ಆಕಾಶ ತೊಳೆದಿಟ್ಟ ಸ್ಟೀಲಿನ ತಟ್ಟೆಯಂತೆ. ಅಷ್ಟು ಚಂದದ ದಿನಗಳಲ್ಲಿ ರೇಣು ಬೆಳಿಗ್ಗೆ ಏಳಕ್ಕೆ ಹೋಗುವಳು, ರಾತ್ರಿ ಎಂಟಕ್ಕೆ, ಇನ್ನೂ ಬೆಳಕಿರುವಾಗ, ಬರುವಳು. ಬಂದವಳು ಬಾಗಿಲಲ್ಲೇ ನಿಂತು 'ಮುಟ್ಬೇಡ, ಮುಟ್ಬೇಡ' ಎನ್ನುತ್ತ ಬಟ್ಟೆಯನ್ನು ನೇರ ಮಷೀನಿಗೆ ಹಾಕಿ ಸ್ನಾನಕ್ಕೆ ಓಡುವಳು. ಮಾಸ್ಕಿನ ಗೆರೆ ಕೆನ್ನೆಯ ಮೇಲೆ ಹಗ್ಗದ ಗುರುತಿನಂತೆ ಮೂಡಿರುತ್ತಿತ್ತು.

ಏಪ್ರಿಲಿನಲ್ಲಿ ಒಂದು ದಿನ ಸ್ನಾನಕ್ಕೂ ಹೋಗದೆ ಒಳಗಿನ ಮಹಡಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳ ವಾರ್ಡಿನ ನರ್ಸ್ ಒಬ್ಬಳು, ಹಿಂದಿನ ವಾರ ಇವಳ ಜೊತೆ ಬಿಸ್ಕತ್ತು ಹಂಚಿಕೊಂಡು ತಿಂದವಳು, ವೆಂಟಿಲೇಟರ್ ಮೇಲೆ ಇದ್ದಳು.

'ಅಣ್ಣ, ನಂಗೇನಾದ್ರೂ ಆದ್ರೆ ನೀನು ಇಲ್ಲಿಂದ ಹೆಂಗೆ ಹೋಗ್ತೀಯ? ಫ್ಲೈಟೂ ಇಲ್ಲ. ಬಸ್ ಕೇಳೋಕೂ ಬರಲ್ಲ ನಿಂಗೆ.'

'ಬಿಡ್ತು ಅನ್ನು' ಅಂದೆ. ಅವಳು ಅನ್ನಲಿಲ್ಲ.

ಅವಳನ್ನು ಮುಟ್ಟುವಂತಿಲ್ಲ, ಅವಳ ಕೆಲಸ ನನಗೆ ಅರ್ಥವಾಗುವುದಿಲ್ಲ, ಟಿವಿಯಲ್ಲಿ ಹೇಳುವುದು ತಿಳಿಯುವುದಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಒಂದು ಸೌಟು. ಮರುದಿನ ಅನ್ನ ಇಟ್ಟು, ಕಾಗೆ ತಿಂದದ್ದನ್ನು ನೋಡಿ, ಮನಸ್ಸಿನಲ್ಲೇ ಅಂದುಕೊಂಡೆ: ಇದು ಮುಟ್ಟಿದೆ, ಇವತ್ತು ಅವಳು ಸುಖವಾಗಿ ಬರುತ್ತಾಳೆ. ಬಂದಳು. ಮರುದಿನವೂ ಹಾಗೇ ಅಂದುಕೊಂಡೆ, ಬಂದಳು. ಹೀಗೆ ಒಂದು ವಾರವಾಗುವಷ್ಟರಲ್ಲಿ ಅದು ನನ್ನ ಹರಕೆಯಾಯಿತು. ಒಂದು ದಿನ ಯಾರೋ ಹಿಂದಿನ ಮನೆಯಲ್ಲಿ ಹುಲ್ಲು ಕತ್ತರಿಸುವ ಮಷೀನು ಓಡಿಸುತ್ತಿದ್ದರು. ಸಂಜೆಯವರೆಗೂ ಕಾಗೆ ಬರಲಿಲ್ಲ. ಆ ದಿನ ರೇಣು ಜ್ವರ ಹೊತ್ತುಕೊಂಡು ಬಂದಳು. ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು, ಕೊರೋನಾ ಅಲ್ಲ ಅಂದರು, ಎರಡು ದಿನಕ್ಕೆ ಇಳಿಯಿತು. ನನಗೆ ಮಾತ್ರ ಇಳಿಯಲಿಲ್ಲ. ಅಂದಿನಿಂದ ಒಂದು ಸೌಟು ಮೂರಾಯಿತು: ಮೆಟ್ಟಿಲ ಮೇಲೆ ಒಂದು, ಹಿತ್ತಲಿನ ಶೆಡ್ಡಿನ ಮೇಲೆ ಒಂದು, ಹಲಗೆ ಜಗಲಿಯ ಮೂಲೆಯಲ್ಲಿ ಒಂದು. ಎಲ್ಲಾದರೂ ಒಂದು ಕಡೆ ಮುಟ್ಟಲಿ ಎಂದು.

ಹೋಟೆಲಿನವನಿಗೆ ಇಲಿಯ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಶೆಡ್ಡಿನ ಗೋಡೆಯುದ್ದಕ್ಕೂ ಜಿಡ್ಡಿನ ಗೆರೆ ಕಂಡೆ. ದಿನವೂ ಒಂದೇ ದಾರಿಯಲ್ಲಿ ಮೈ ಉಜ್ಜಿಕೊಂಡು ಓಡಾಡಿದರೆ ಆಗುವ ಗೆರೆ ಅದು. ಜಗಲಿಯ ಮೂಲೆಯಲ್ಲಿ ಹಿಕ್ಕೆ. ಅದರ ಗಾತ್ರ ನೋಡಿದರೆ ಹೆಗ್ಗಣದಷ್ಟು ದೊಡ್ಡವೇ. ತುಮಕೂರಿನಲ್ಲಾಗಿದ್ದರೆ ಆ ಸಂಜೆಯೇ ಚೆಲ್ಲಿದ ಅನ್ನವನ್ನೆಲ್ಲ ಬಳಿದು, ನೆಲ ತೊಳೆದು, ಬೋನು ಇಡುತ್ತಿದ್ದೆ. ಇಲ್ಲಿ ಹಿಕ್ಕೆಯನ್ನು ಗುಡಿಸಿ ಬೇಲಿಯ ಬುಡಕ್ಕೆ ಹಾಕಿ, ಒಳಗೆ ಬಂದು ಅನ್ನಕ್ಕಿಟ್ಟೆ.

ವಾರದೊಳಗೆ ಬ್ರೀಡಾ ಕಿಟಕಿಯಿಂದ ಕಿರುಚಿದ್ದು ಕೇಳಿಸಿತು. ಹಾಡುಹಗಲು, ಹುಲ್ಲಿನ ನಡುವೆ, ಮೊಣಕೈಯುದ್ದದ ಇಲಿ. ಅಂದು ಸಂಜೆ ಬೇಲಿಯ ಹತ್ತಿರ ಅವರು ರೇಣುವಿಗೆ ಕೈಯಳತೆ ತೋರಿಸಿ ಹೇಳುತ್ತಿದ್ದರು. ರೇಣು ಒಳಗೆ ಬಂದು ಕೇಳಿದಳು.

'ಅಣ್ಣ, ನೀನು ಹೊರಗೆ ಅನ್ನ ಇಡ್ತಿದ್ದೀಯಾ?'

'ಕಾಗೆಗೆ ಒಂದು ತುತ್ತು.'

'ಇಡ್ಬೇಡ. ಇಲ್ಲಿ ಅದೆಲ್ಲ ನಡಿಯಲ್ಲ. ಇಲಿ ಬಂದಿದೆ ಅಂತ ಓನರ್‌ಗೆ ಗೊತ್ತಾದ್ರೆ ಮನೆ ಬಿಡಿ ಅಂತಾನೆ. ಈಗ ಎಲ್ಲಿ ಮನೆ ಹುಡುಕಲಿ, ಡ್ಯೂಟಿ ನೋಡ್ಲಾ, ಮನೆ ನೋಡ್ಲಾ? ಬಿಟ್ಬಿಡ್ತೀಯ ತಾನೇ?'

'ಬಿಟ್ಟೆ.'

'ನನ್ನಾಣೆ?'

'ಬಿಟ್ಟೆ ಅಂದ್ನಲ್ಲ. ಆಣೆ ಯಾಕೆ ಅದಕ್ಕೆ?'

ಅವಳಿಗೆ ನಿದ್ದೆ ಎಳೆಯುತ್ತಿತ್ತು, ಗಮನಿಸಲಿಲ್ಲ. ಸುಳ್ಳು ಹೇಳಲು ನನಗೆ ಅಡ್ಡಿಯಿರಲಿಲ್ಲ. ಅವಳ ಮೇಲೆ ಆಣೆಯಿಟ್ಟು ಸುಳ್ಳು ಹೇಳಲು ಮಾತ್ರ ಆಗಲಿಲ್ಲ.

ಆ ಮೂರೂ ಕಡೆ ಇಡುವುದನ್ನು ನಿಲ್ಲಿಸಿದೆ. ಜಗಲಿಯ ತುದಿಯಲ್ಲಿ ಹಲಗೆಯೊಂದು ಸಡಿಲವಾಗಿ ಗೇಣಗಲದ ಸಂದು ಬಿಟ್ಟಿತ್ತು. ಬೇಲಿಗೆ ಮರೆ, ಕಿಟಕಿಗೂ ಮರೆ. ಅನ್ನವನ್ನು ಅದರ ಬಾಯಿಗೆ ಇಟ್ಟೆ. ಕಾಗೆ ಜಾಣ, ಮರುದಿನವೇ ಜಾಗ ಕಂಡುಹಿಡಿಯಿತು. ಅದು ಬಿಟ್ಟಿದ್ದು ಸಂದಿನೊಳಗೆ ಬೀಳುತ್ತಿತ್ತು. ಯಾರು ತಿನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ರೇಣುವಿಗೆ ಹೇಳಬೇಕೆಂದರೆ ಏನು ಹೇಳುವುದು? ನೀನು ಸಾಯುತ್ತೀಯ ಎಂದು ದಿನವೂ ಹೆದರುತ್ತೇನೆ, ಅದಕ್ಕೆ ಇಡುತ್ತೇನೆ ಎನ್ನಬೇಕಿತ್ತು. ಹೆದರಿಕೆಯನ್ನು ಬಾಯಿಬಿಟ್ಟು ಆಡಿದರೆ ಅದಕ್ಕೆ ನಾನೇ ದಾರಿ ತೋರಿಸಿದಂತೆ ಎನ್ನಿಸುತ್ತಿತ್ತು.

ಹದಿನೈದು ದಿನ ಕಳೆಯುವಷ್ಟರಲ್ಲಿ ಹಿಂದಿನ ಮನೆಯವರ ಶೆಡ್ಡಿನಲ್ಲೂ ಇಲಿ ಕಾಣಿಸಿತು. ಅವರ ಮನೆಯಲ್ಲಿ ಹಸುಗೂಸು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಅವರು ಸತ್ತ ಇಲಿಯ ಫೋಟೋ ಹಾಕಿ, ಇದು ಹಕ್ಕಿಗೆ ಕಾಳು ಹಾಕುವವರ ಕಡೆಯಿಂದಲೋ, ಹೊಸದಾಗಿ ಬಂದ ಬಾಡಿಗೆದಾರರ ಕಡೆಯಿಂದಲೋ ಎಂದು ಬರೆದರು. ಮನೆಯ ಓನರ್ ಫೋನು ಮಾಡಿ ಕೇಳಿದ. ಅಂದು ರೇಣು ಹದಿಮೂರು ಗಂಟೆ ಕೆಲಸ ಮಾಡಿ ಬಂದಿದ್ದಳು. ಕಾರಿಂದ ಇಳಿದವಳೇ ನೇರ ಬೇಲಿಯ ಹತ್ತಿರ ಹೋದಳು.

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. 'ರ್‍ಯಾಟ್' ಗೊತ್ತಾಯಿತು, 'ಬ್ರದರ್' ಗೊತ್ತಾಯಿತು. ಬ್ರೀಡಾ ಮೆತ್ತಗೆ ಏನೋ ಕೇಳಿದರು. ರೇಣುವಿನ ದನಿ ಏರಿತು, ಕೈ ಆ ಕಂಬದ ಕಡೆಗೆ ಚಾಚಿತು. ನಾಲ್ಕು ಬೆರಳು ಎತ್ತಿ ತೋರಿಸಿದಳು. ಬ್ರೀಡಾ ಒಂದು ಹೆಜ್ಜೆ ಹಿಂದೆ ಸರಿದರು. ಟೀ ಕಪ್ಪನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದು, ತಲೆಯಾಡಿಸುತ್ತ ಒಳಗೆ ಹೋದರು.

ಊಟಕ್ಕೆ ಕೂತಾಗ ರೇಣು ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

'ನಿಮ್ಮಣ್ಣ ಏನಾದ್ರೂ ಊಟ ಹೊರಗೆ ಇಡ್ತಿರ್ಬೋದಾ ಅಂತ ಕೇಳ್ತಾರೆ ಅಣ್ಣ! ನನ್ನಣ್ಣ ಒಂದ್ಸಲ ಮಾತು ಕೊಟ್ರೆ ಮುಗೀತು, ನನಗೋಸ್ಕರ ಓದೇ ಬಿಟ್ಟೋನು ಅಂದೆ. ನಾಲ್ಕು ನಾಲ್ಕು ಪಂಜರ ನೇತಾಕ್ಕೊಂಡು ನೀವು ನಮಗೆ ಹೇಳ್ತೀರಾ ಅಂದೆ. ನಾವು ಬೇರೆ ದೇಶದೋರು ಅಂತ ತಾನೇ ನಮ್ಮ ಅನ್ನದ ಮೇಲೆ ಕಣ್ಣು ಅಂದೆ.'

'ಅದಕ್ಕೇನಂದ್ರು?'

'ಒಳಗೆ ಹೋದ್ರು.' ಅನ್ನ ಕಲಸಿದಳು. 'ಕೊನೇ ಮಾತು ಅನ್ಬಾರ್ದಿತ್ತು, ಅಲ್ವಾ? ಅವ್ರು ಹಂಗಲ್ಲ.'

ಆ ಕ್ಷಣ ಒಂದಿತ್ತು. ಅನ್ನದ ಪಾತ್ರೆ ನಡುವೆ ಇತ್ತು, ಅದರಲ್ಲಿ ಮೊದಲ ಸೌಟು ತೆಗೆದ ಹಳ್ಳ ಇನ್ನೂ ಕಾಣುತ್ತಿತ್ತು. ಅವಳು ಅದನ್ನು ನೋಡುವ ಮೊದಲು ನಾನು ಸೌಟಿನಿಂದ ಹಳ್ಳವನ್ನು ಸಮ ಮಾಡಿ ಅವಳಿಗೆ ಬಡಿಸಿದೆ.

ಬೆಳಿಗ್ಗೆ ಎದ್ದು ನೋಡಿದರೆ ಕಂಬ ಬೋಳಾಗಿತ್ತು. ನಾಲ್ಕೂ ಪಂಜರ ಇರಲಿಲ್ಲ. ನಮ್ಮ ಮುಂಬಾಗಿಲಲ್ಲಿ, ಬಟ್ಟೆಯಲ್ಲಿ ಸುತ್ತಿದ ಒಂದು ಬಿಸಿ ಕಂದು ಬ್ರೆಡ್ಡು, ಮೇಲೊಂದು ಚೀಟಿ. ರೇಣು ಓದಿ ಹೇಳಿದಳು: 'ದಿನವಿಡೀ ದುಡಿದು ಬಂದ ನಿನ್ನ ಮನಸ್ಸು ನೋಯಿಸಿದ್ದಕ್ಕೆ ಕ್ಷಮಿಸು. ಕಡಲೆಕಾಯಿಯ ವಿಷಯದಲ್ಲಿ ನೀನು ಹೇಳಿದ್ದೇ ಸರಿ ಇರಬಹುದು. ತೆಗೆದಿಟ್ಟಿದ್ದೇನೆ.' ಓದಿ, ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡಳು. ಬ್ರೆಡ್ಡನ್ನು ಮುಟ್ಟಲಿಲ್ಲ. 'ತಪ್ಪು ಅವರದ್ದೇ ಇತ್ತು, ಒಪ್ಕೊಂಡ್ರಲ್ಲ' ಅಂದಳು. ಗೆದ್ದವಳ ದನಿ ಅದಾಗಿರಲಿಲ್ಲ. ಬ್ರೆಡ್ಡನ್ನು ಮೂರು ದಿನ ನಾನೇ ತಿಂದೆ. ತಿನ್ನುವ ಪದಾರ್ಥವನ್ನು ಎಸೆಯಬಾರದು ಎನ್ನುವವನಲ್ಲವೇ ನಾನು.

ಅದಾದ ಮೇಲೆ ನಾನು ದಿನವೂ ನೋಡಿದ್ದು ಇದನ್ನು: ನೀಲಿ ತಲೆಯ ಹಕ್ಕಿಗಳು ಬಂದು ಖಾಲಿ ಕೊಕ್ಕೆಯ ಮೇಲೆ ಕೂತು, ಕೆಳಗೆ ಮೇಲೆ ನೋಡಿ, ಹಾರಿಹೋಗುತ್ತಿದ್ದವು. ನಾಲ್ಕೈದು ದಿನಕ್ಕೆ ಬರುವುದನ್ನೇ ಬಿಟ್ಟವು. ಕೆಂಪೆದೆಯದು ಮಾತ್ರ ಇನ್ನೊಂದು ವಾರ ಕಿಟಕಿಯಂಚಿಗೆ ಬಂತು. ಗಾಜಿನಾಚೆ ಬ್ರೀಡಾ ಬೆರಳಿಟ್ಟು ಏನೋ ಹೇಳುತ್ತಿದ್ದರು. ಜಗಳದ ದನಿ ಇರಲಿಲ್ಲ. ಯಾರ ಮನೆಗೂ ಹೋಗುವಂತಿಲ್ಲದ, ಯಾರೂ ಬರುವಂತಿಲ್ಲದ ಆ ತಿಂಗಳುಗಳಲ್ಲಿ ಅವರ ಮನೆಗೆ ಬಂದುಹೋಗುತ್ತಿದ್ದವರು ಅವು ಮಾತ್ರ. ನಾನು ಒಳಗೆ ನಿಂತು ಇದನ್ನೆಲ್ಲ ನೋಡಿ, ಸಂದಿನ ಬಾಯಿಗೆ ಅನ್ನ ಇಟ್ಟು ಬರುತ್ತಿದ್ದೆ. ನಿಲ್ಲಿಸಬೇಕು ಎಂದು ಪ್ರತಿದಿನ ಅಂದುಕೊಳ್ಳುತ್ತಿದ್ದೆ. ಏಳು ಗಂಟೆಗೆ ಅವಳ ಕಾರು ಸ್ಟಾರ್ಟ್ ಆದ ಸದ್ದು ಕೇಳಿದರೆ ಕೈ ತಾನಾಗಿ ಅಕ್ಕಿ ಡಬ್ಬಕ್ಕೆ ಹೋಗುತ್ತಿತ್ತು.

ಇಲಿಗಳು ಹೋಗಲಿಲ್ಲ. ಏಕೆ ಹೋಗುತ್ತವೆ? ಜೂನ್ ಕೊನೆಗೆ ಓನರ್ ಒಬ್ಬ ಇಲಿ ಹಿಡಿಯುವವನನ್ನು ಕಳಿಸಿದ. ರೇಣುವಿಗೆ ಅಂದು ರಜೆ. ಅವನು ಹಿತ್ತಲು ಸುತ್ತಿ, ಮಂಡಿಯೂರಿ, ಜಗಲಿಯ ಸಡಿಲ ಹಲಗೆಯನ್ನು ನೋಡಿದ. ಅದನ್ನೂ ಅದರ ಪಕ್ಕದ ಮೂರು ಹಲಗೆಗಳನ್ನೂ ಎಬ್ಬಿಸಿದ. ಹುಳಿ ಬಂದ ಅನ್ನದ ವಾಸನೆ ಮುಖಕ್ಕೆ ಬಡಿಯಿತು. ಕೆಳಗೆ ಒಣಗಿ ಕಲ್ಲಾದ ಅನ್ನದ ಗುಪ್ಪೆ, ಅದರ ಮೇಲೆ ಹಸಿ ಅನ್ನ, ಅವತ್ತಿನದೇ. ಪಕ್ಕದಲ್ಲಿ ಗೂಡು. ಗೂಡಿಗೆ ಹಾಸಿದ್ದ ಕೆಂಪು ಚೌಕುಳಿಯ ಚಿಂದಿ, ನಾನು ತುಮಕೂರಿಂದ ಹೆಗಲ ಮೇಲೆ ಹಾಕಿಕೊಂಡು ಹೋಗಿದ್ದ ಅಡುಗೆಮನೆಯ ಟವಲು. ತಂತಿಯ ಮೇಲಿಂದ ಗಾಳಿಗೆ ಹಾರಿಹೋಯಿತು ಎಂದು ರೇಣುವಿಗೆ ಹೇಳಿದ್ದೆ, ನಾನೂ ಹಾಗೇ ನಂಬಿದ್ದೆ.

ಇಲಿಯವನು ನಗುತ್ತ ಏನೋ ಅಂದ. ರೇಣು ನಗಲಿಲ್ಲ. ಅವನು ವಿಷದ ಪೆಟ್ಟಿಗೆಗಳನ್ನಿಟ್ಟು ಹೋಗುವವರೆಗೆ ನನ್ನ ಕಡೆ ನೋಡಲಿಲ್ಲ. ಆಮೇಲೆ ಒಳಗೆ ಬಂದು ಕೈ ತೊಳೆದಳು, ಆಸ್ಪತ್ರೆಯಲ್ಲಿ ತೊಳೆಯುವ ಹಾಗೆ, ಮೊಣಕೈವರೆಗೆ, ಬಹಳ ಹೊತ್ತು.

'ಯಾಕಣ್ಣ?'

'ಅನ್ನ ಎಸೆಯೋಕೆ ಮನಸ್ಸು ಬರ್ಲಿಲ್ಲ.'

'ಹೋಟ್ಲಲ್ಲಿ ಮೂವತ್ತು ವರ್ಷ ಇಲಿ ಹಿಡಿದೋನು ನೀನು. ನಿಂಗೊತ್ತಿತ್ತು.'

'ಗೊತ್ತಿತ್ತು.'

'ನಾನು ಆ ಮುದುಕಿ ಮುಖಕ್ಕೆ ಹೊಡೆದಂಗೆ ಮಾತಾಡಿ ಬಂದೆ. ನೀನು ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡೆ. ಆಮೇಲೆ ನಂಗೆ ಅನ್ನ ಬಡಿಸಿದೆ.'

ಬೈದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಓನರ್. ಅವಳು ಗೋಡೆಯ ಕಡೆ ತಿರುಗಿ ಮಾತಾಡಿದಳು. 'ಬರ್ಡ್ ಫೀಡರ್ಸ್' ಎಂಬ ಮಾತು ಆ ಹೊತ್ತಿಗೆ ನನಗೂ ಗೊತ್ತಿತ್ತು. 'ನೆಕ್ಸ್ಟ್ ಡೋರ್' ಎಂಬುದೂ ಗೊತ್ತಿತ್ತು. ಪಕ್ಕದ ಮನೆಯ ಪಂಜರಗಳಿಂದಲೇ ಆದದ್ದು, ಅವರು ತೆಗೆದಿದ್ದಾರೆ, ಇನ್ನು ತೊಂದರೆಯಿಲ್ಲ ಎಂದು ಹೇಳಿದಳು. ಫೋನಿಟ್ಟು, 'ಮನೆ ಉಳೀತು' ಅಂದಳು. ಚಿಕ್ಕವಳಿದ್ದಾಗ ಒಡೆದ ಸ್ಲೇಟನ್ನು ಕೈಯಲ್ಲಿ ಹಿಡಿದುಕೊಂಡು ಬಂದು 'ನಾನೇ ಒಡೆದೆ' ಎಂದು ಏಟು ತಿಂದವಳು. ಅವಳ ಬಾಯಲ್ಲಿ ಸುಳ್ಳು ಕೇಳಿದ್ದು ನಾನು ಅದೇ ಮೊದಲು. ಅದು ನನಗೋಸ್ಕರ.

ಮರುದಿನದಿಂದ ನಾನು ಅನ್ನ ಇಡಲಿಲ್ಲ. ವಿಷದ ಪೆಟ್ಟಿಗೆಗಳ ನಡುವೆ ಕಾಗೆಗಳು ಬಂದು ಬೇಲಿಯ ಮೇಲೆ ಸಾಲಾಗಿ ಕೂತು ಬಾಗಿಲನ್ನೇ ನೋಡುತ್ತಿದ್ದವು. ರೇಣು ಹೋದ ಮೇಲೆ ನಾನು ಮಹಡಿ ಮೆಟ್ಟಿಲ ಬುಡದಲ್ಲಿ ಕೂತರೆ ಅವಳು ಬರುವವರೆಗೆ ಏಳುತ್ತಿರಲಿಲ್ಲ. ಅನ್ನವೂ ಬೇಯುತ್ತಿರಲಿಲ್ಲ. ಎಂಟಕ್ಕೆ ಬೀಗದ ಸದ್ದು. ಮೊದಲ ದಿನ ಬಂದಳು. ಎರಡನೆಯ ದಿನ ಬಂದಳು. ಆ ನರ್ಸ್ ಹುಡುಗಿಯೂ ಅಷ್ಟರಲ್ಲಿ ಗುಣವಾಗಿ ಮನೆಗೆ ಹೋದಳು. ಅನ್ನಕ್ಕೂ ಅವಳು ಮರಳಿ ಬರುವುದಕ್ಕೂ ಏನೂ ಸಂಬಂಧವಿರಲಿಲ್ಲ. ಇದು ಸಮಾಧಾನ ತರಬೇಕಿತ್ತು. ಹಾಗಾದರೆ ನಾನು ಮಾಡಿದ್ದೆಲ್ಲ ಯಾತಕ್ಕೆ ಎಂದು ಮೆಟ್ಟಿಲ ಮೇಲೆ ಕೂತು ಯೋಚಿಸುತ್ತಿದ್ದೆ.

ಅವಳು ಬರುತ್ತಿದ್ದಳು, ಆದರೆ ಬೇಲಿಯ ಹತ್ತಿರ ಹೋಗುತ್ತಿರಲಿಲ್ಲ. ಕಾರಿನಿಂದ ಬಾಗಿಲಿಗೆ, 'ಮುಟ್ಬೇಡ', ಸ್ನಾನ, ಹಾಸಿಗೆ. ಬ್ರೀಡಾ ಒಂದೆರಡು ಸಂಜೆ ಟೀ ಕಪ್ಪು ಹಿಡಿದು ಬಂದು ನಿಂತು, ಕಾದು, ಒಳಗೆ ಹೋದರು. ಅವಳ ಜೀವ ಉಳಿಯಲಿ ಎಂದು ನಾನಿಟ್ಟ ಅನ್ನ, ಅವಳಿಗೆ ದಿನಕ್ಕೆ ಅರ್ಧ ಗಂಟೆ ಜೀವ ಕೊಡುತ್ತಿದ್ದುದನ್ನೇ ತಿಂದುಹಾಕಿತ್ತು. ಹೆಗಲು ಇಳಿಯುತ್ತಲೇ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಸಿಕ್ಕಿಬಿದ್ದವರಿಗೆಂದು ಬಿಟ್ಟ ಒಂದು ವಿಮಾನದಲ್ಲಿ ನಾನು ಊರಿಗೆ ಬಂದೆ. ಹೊರಡುವಾಗ ಬ್ರೀಡಾ ಗೇಟಿನಲ್ಲಿ ಮಾಸ್ಕ್ ಹಾಕಿಕೊಂಡು ನಿಂತು ಕೈ ಬೀಸಿದರು. ನಾನು ಕೈ ಮುಗಿದೆ. ಗೌರವ ಎಂದುಕೊಂಡಿರಬೇಕು.

ಆಮೇಲಿನ ಚಳಿಗಾಲದಲ್ಲಿ ಅವರಿಬ್ಬರ ನಡುವೆ ಮತ್ತೆ ಮಾತು ಹುಟ್ಟಿತಂತೆ. ಬ್ರೀಡಾ ಕಾಯಿಲೆ ಬಿದ್ದಾಗ ರೇಣು ಔಷಧಿ, ಹಾಲು ತಂದುಕೊಟ್ಟಳಂತೆ. ಕಿರಣನಿಗೆ ವೀಸಾ ಬಂದು, ಗಂಡ ಹೆಂಡತಿ ಆಡಮ್ಸ್‌ಟೌನ್ ಎಂಬ ಊರಿನ ಅಪಾರ್ಟ್‌ಮೆಂಟಿಗೆ ಹೋದ ಮೇಲೂ ಫೋನು ನಿಂತಿಲ್ಲ. ಇಲಿಯ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಹೀಗೇ ಹೋದ ವರ್ಷ ನಾನು ಆ ಕಿಟಕಿಯಲ್ಲಿ ನಿಂತಿದ್ದೆ.

'ಊಟ ಆಯ್ತಾ, ರಂಗಾ?' ಬ್ರೀಡಾ ಟೀ ತಂದಿಟ್ಟು, ಕಂದು ಬ್ರೆಡ್ಡು ಕತ್ತರಿಸಿದರು. ಬಹಳ ಕುಗ್ಗಿದ್ದರು. ನಾನು ಕಂಬ ತೋರಿಸಿ, ಖಾಲಿ ಕೈ ಆಡಿಸಿ ಏಕೆ ಎಂದು ಕೇಳಿದೆ. ಅವರು ಹೇಳಿದ್ದನ್ನು ರೇಣು ತನ್ನ ಕಪ್ಪನ್ನು ನೋಡುತ್ತ ಕನ್ನಡಕ್ಕೆ ತಂದಳು.

'ಮತ್ತೆ ಹಾಕೋಕೆ ಧೈರ್ಯ ಬರ್ಲಿಲ್ವಂತೆ. ನನ್ನ ಕಾಳಿಗೆ ಇಲಿ ಬಂದು ಅಕ್ಕಪಕ್ಕದವರಿಗೆ ಒಂದ್ಸಲ ತೊಂದ್ರೆ ಆಗಿದ್ದು ಸಾಕು ಅಂತಾರೆ.'

'ರೇಣು, ಹೇಳು ಅವ್ರಿಗೆ. ಇಲಿ ಬಂದಿದ್ದು ನನ್ನ ಅನ್ನಕ್ಕೆ ಅಂತ ಹೇಳು.'

'ಈಗ ಯಾಕಣ್ಣ?'

'ಹೇಳಮ್ಮ.'

ಬ್ರೀಡಾ ನಮ್ಮಿಬ್ಬರ ಮುಖ ನೋಡಿ, ಏನಂತಾನೆ ಎಂಬಂತೆ ಹುಬ್ಬೆತ್ತಿದರು. ರೇಣು ತಲೆಯೆತ್ತಿ ನಕ್ಕು ಒಂದು ಮಾತು ಹೇಳಿದಳು. 'ಬ್ರೆಡ್' ಅರ್ಥವಾಯಿತು, 'ಲವ್ಲಿ' ಅರ್ಥವಾಯಿತು. ಮುದುಕಿಯ ಮುಖ ಅರಳಿ, ಇನ್ನೊಂದು ಹೋಳು ನನ್ನ ತಟ್ಟೆಗೆ ಬಿತ್ತು.

ಇಲಿ, ಅನ್ನ, ನಾನು. ಮೂರಕ್ಕೂ ಇಂಗ್ಲಿಷ್ ನನಗೆ ಬರುತ್ತಿತ್ತು. ಸಾಲಾಗಿ ಇಟ್ಟರೆ ಸಾಕಿತ್ತು. 'ಬ್ರೀಡಾ, ಸಾರಿ' ಎಂದು ಶುರು ಮಾಡಿದೆ. ಅಂಗಡಿಯಲ್ಲಿ ಮೈ ತಾಗಿದರೂ ಸಾರಿ ಎನ್ನುವ ಊರು ಅದು. 'ಓ, ಯು ಆರ್ ಗ್ರ್ಯಾಂಡ್' ಎಂದು, ಪರವಾಗಿಲ್ಲ ಬಿಡು ಎನ್ನುವಂತೆ, ಅವರು ನನ್ನ ಕೈ ತಟ್ಟಿದರು. ಮುಂದಿನ ಮಾತಿಗೆ ಬಾಯಿ ತೆರೆದಾಗ ರೇಣು ನನ್ನನ್ನು ನೋಡಿದಳು. ಬೇಡ ಎಂದು ಹೇಳುವ ನೋಟ. ನಾನು ಹೇಳಿದರೆ ನನ್ನ ತಪ್ಪಿನ ಜೊತೆಗೆ ಅವಳ ಸುಳ್ಳೂ ಹೊರಬರುತ್ತದೆ. ಇಷ್ಟು ವರ್ಷ ಗೊತ್ತಿದ್ದೂ ಈ ಮೇಜಿನಲ್ಲಿ ಕೂತು ಟೀ ಕುಡಿದವಳು ಎಂದಾಗುತ್ತದೆ. ಬಾಯಿ ಮುಚ್ಚಿ ಬ್ರೆಡ್ಡು ತಿಂದೆ. ಅವಳಿಗಾಗಿ ಸುಮ್ಮನಾದೆ ಎಂದು ಹೇಳಿಕೊಳ್ಳಬಹುದು. ಅಂಥ ಕಥೆಗಳು ನನಗೆ ಹಿತವಾಗಿರುತ್ತವೆ.

ಹೊರಡುವಾಗ ಬ್ರೀಡಾ ಮಹಡಿ ಮೆಟ್ಟಿಲ ಕೆಳಗಿನ ಗೂಡಿನಿಂದ ಒಂದು ಚೀಲ ಹೊರಗೆಳೆದರು. ಅದರೊಳಗೆ ಕಡಲೆಕಾಯಿಯ ಪಂಜರ, ತೊಳೆದು ಒರೆಸಿ ಇಟ್ಟದ್ದು. ಎತ್ತರದ ಮನೆಯಲ್ಲಿ ಇಲಿಯ ಕಾಟ ಇರುವುದಿಲ್ಲ, ರಂಗನಿಗೆ ಹಕ್ಕಿ ಅಂದರೆ ಪ್ರೀತಿ, ಬಾಲ್ಕನಿಯಲ್ಲಿ ಹಾಕಿಕೊಳ್ಳಲಿ ಎಂದರಂತೆ. ನೋ ಎಂಬ ಮಾತು ನನಗೆ ಮೊದಲ ದಿನದಿಂದ ಬರುತ್ತಿತ್ತು. ನಾನು ಎರಡೂ ಕೈ ಚಾಚಿ, ಥ್ಯಾಂಕ್ಯೂ ಅಂದೆ.

ಕಾರು ದೊಡ್ಡ ರಸ್ತೆಗೆ ಬಂತು.

'ನಮ್ಮ ಅಪಾರ್ಟ್‌ಮೆಂಟಲ್ಲಿ ಅದನ್ನ ಹಾಕಂಗಿಲ್ಲ ಅಣ್ಣ' ಅಂದಳು ರೇಣು. 'ರೂಲ್ಸ್ ಇದೆ.'

'ಗೊತ್ತು' ಅಂದೆ. ಪಂಜರ ನನ್ನ ತೊಡೆಯ ಮೇಲಿತ್ತು. ಅಷ್ಟು ತೊಳೆದಿದ್ದರೂ ತಂತಿಯ ಬುಡದಲ್ಲಿ ಆ ವರ್ಷದ ಅರ್ಧ ಕಡಲೆಬೀಜ ಕಪ್ಪಾಗಿ ಸಿಕ್ಕಿಕೊಂಡಿತ್ತು. ಆಡಮ್ಸ್‌ಟೌನ್ ಬರುವವರೆಗೂ ಉಗುರಿನಿಂದ ಕೆದಕಿದೆ. ಬರಲಿಲ್ಲ.